ಮಕ್ಕಳ ಕಥೆಯೂ ಯಂತ್ರಶಿಲ್ಪವೂ



ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕೇಳದೆ ಬೆಳೆದ ಮಗು ನಮ್ಮ ಸೀಮೆಯಲ್ಲಿ ವಿರಳ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಸುರಿಯಿತು, ಸಗಣಿಯ ಮನೆ ಕರಗಿತು. ಗುಬ್ಬಿಯೆಂಬ ಹೆಸರಿನ ಊರನ್ನೇ ಪಡೆದಿರುವ ತುಮಕೂರು ಸೀಮೆಯವರಿಗೆ ಗುಬ್ಬಕ್ಕನಲ್ಲಿ ತುಸು ಪಕ್ಷಪಾತವಿದ್ದರೆ ಅದು ಕ್ಷಮ್ಯ. ಆದರೆ ಹಿರಿಯರಾದ ನಾವು ಕಾಗೆಯ ಸೋಮಾರಿತನವನ್ನು ಹಳಿಯುವುದರಲ್ಲಿಯೇ ಕಥೆಯನ್ನು ಮುಗಿಸುತ್ತೇವೆ. ಸಗಣಿ ಕರಗಿದ್ದೇಕೆ, ಕಲ್ಲು ಕರಗದಿದ್ದುದೇಕೆ ಎಂದು ಮಗು ಕೇಳಿದರೆ, ‘ಸುಮ್ಮನೆ ಕೇಳು’ ಎಂದು ಗದರುತ್ತೇವೆ. ಯಂತ್ರಶಿಲ್ಪವು ಮೊಳೆಯುವುದು ಆ ಪ್ರಶ್ನೆಯಲ್ಲಿಯೇ.

ಇನ್ನೊಂದು ಕಥೆಯನ್ನು ನೋಡೋಣ. ನಡುರಾತ್ರಿ, ಕಾವಲುಗಾರರು ನಿದ್ರಿಸುತ್ತಿದ್ದಾರೆ, ಸೆರೆಮನೆಯ ಬಾಗಿಲುಗಳು ತಾವಾಗಿಯೇ ತೆರೆಯುತ್ತವೆ. ವಸುದೇವನು ಶಿಶುವನ್ನು ಹೊತ್ತು ಯಮುನೆಗೆ ಇಳಿಯುತ್ತಾನೆ. ನೀರು ಏರುತ್ತದೆ, ಕೃಷ್ಣನ ಪಾದ ಸೋಕಿದೊಡನೆ ಇಳಿಯುತ್ತದೆ. ಈ ಕಥೆಯನ್ನು ನಮ್ಮ ದೇಶದ ಕುಶಲಿಗಳು ಲೋಹದ ಬಟ್ಟಲಿನಲ್ಲಿ ಅಡಗಿಸಿಟ್ಟರು. ಬಟ್ಟಲಿನ ನಡುವೆ ಶಿಶುವನ್ನು ಹೊತ್ತ ವಸುದೇವ; ನೀರು ಹೊಯ್ದಂತೆ ಅದು ಏರಿ ಪಾದವನ್ನು ಮುಟ್ಟುವುದು; ಕೂಡಲೇ ಬಟ್ಟಲೆಲ್ಲ ಬರಿದಾಗುವುದು! ಬೊಂಬೆಯೊಳಗೆ ಬಾಗಿದ ಕೊಳವೆಯೊಂದುಂಟು. ಅದರ ಗಿಡ್ಡ ಕಾಲು ಬಟ್ಟಲಿನ ತಳದ ಬಳಿ, ಉದ್ದ ಕಾಲು ತಳವನ್ನು ದಾಟಿ ಹೊರಗೆ, ಬಾಗು ಪಾದದ ಮಟ್ಟಕ್ಕೆ. ನೀರು ಬಾಗನ್ನು ದಾಟಿ ಉದ್ದ ಕಾಲಿನಲ್ಲಿ ಬಿದ್ದಿತೆಂದರೆ ತನ್ನ ಭಾರದಿಂದಲೇ ಹಿಂದಿನ ನೀರನ್ನು ಸೆಳೆಯುತ್ತದೆ. ಇದೇ ಸೈಫನ್.

ಇದು ಬರಿಯ ಆಟಿಕೆಯಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿರುವ ಜಲಾಶಯದಲ್ಲಿ ಇಂತಹ ಸೈಫನ್‌ಗಳಿವೆ. ಮಣ್ಣಿನ ಏರಿಯ ಮೇಲೆ ನೀರು ಹೊರಳಿದರೆ ಏರಿ ಕೊಚ್ಚಿಹೋಗುವುದು, ಕೆಳಗಿನ ಊರುಗಳ ಗತಿ ಹೇಳತೀರದು. ಕೆರೆಗಳ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಗಿಲಿಟ್ಟರೆ ಅದನ್ನು ತೆರೆಯಲು ಎಚ್ಚರವಾಗಿರುವ ಮನುಷ್ಯನೊಬ್ಬ ಬೇಕು. ಸೈಫನ್ನಿಗಾದರೋ ಕಾವಲುಗಾರ ನಿದ್ರಿಸಿದರೂ ಚಿಂತೆಯಿಲ್ಲ. ನೀರು ಮಟ್ಟವನ್ನು ಮುಟ್ಟಿದೊಡನೆ ತಾನೇ ಕೆಲಸಕ್ಕೆ ತೊಡಗುತ್ತದೆ.

ಕಥೆಯ ನಡುವೆ ಇದನ್ನೆಲ್ಲ ತುರುಕಬೇಡಿರೆಂದು ತಾಯಂದಿರಲ್ಲಿ ನನ್ನ ವಿನಂತಿ. ಯಮುನೆ ಯಮುನೆಯಾಗಿಯೇ ಇರಲಿ. ಭಕ್ತಿಗೂ ಬೆರಗಿಗೂ ಅಡ್ಡಿ ಬೇಡ. ಮರುದಿನ ಕಾಗದದ ಲೋಟವೊಂದರ ತಳದಲ್ಲಿ ರಂಧ್ರ ಮಾಡಿ, ಪಾನೀಯ ಹೀರುವ ಬಾಗುಗೊಳವೆಯ ಉದ್ದ ಕಾಲನ್ನು ಅದರಲ್ಲಿ ತೂರಿಸಿ, ಗಿಡ್ಡ ಕಾಲನ್ನು ಒಳಗೆ ಕೆಳಮುಖವಾಗಿ ಬಗ್ಗಿಸಿ, ಸುತ್ತ ಮೇಣ ಮೆತ್ತಿ, ಬಚ್ಚಲಿನಲ್ಲಿಟ್ಟು ಮಗುವಿನ ಕೈಗೆ ಚೊಂಬನ್ನು ಕೊಡಿರಿ. ಮೊದಲ ಸಲ ಸೋರಬಹುದು. ಸೋರಲಿ, ಎಲ್ಲಿ ಸೋರಿತೆಂಬುದನ್ನು ಅದೇ ಹುಡುಕಲಿ.

ಆಗ ಮಗು ಕೇಳಬಹುದು: ‘ಹಾಗಾದರೆ ಮಾರ್ಕೋನಹಳ್ಳಿಯ ನೀರೆಲ್ಲ ಖಾಲಿಯಾಗುವುದಿಲ್ಲವೆ, ಅಮ್ಮ?’ ಇದು ದೊಡ್ಡವರಿಗೂ ಸುಲಭವಾಗಿ ಹೊಳೆಯದ ಪ್ರಶ್ನೆ. ಇಂತಹ ಜಲಾಶಯದ ಸೈಫನ್ನಿನಲ್ಲಿ ಗಾಳಿಗೂ ಒಂದು ದಾರಿಯುಂಟು. ನೀರು ಬೇಕಾದ ಮಟ್ಟಕ್ಕೆ ಇಳಿದೊಡನೆ ಗಾಳಿ ನುಗ್ಗಿ ಸೆಳೆತವನ್ನು ತುಂಡರಿಸುತ್ತದೆ. ಹೀಗೆಂದು ಹೇಳಿಬಿಡುವ ಮೊದಲು, ಲೋಟದೊಳಗಿನ ಗಿಡ್ಡ ಕಾಲಿನ ಅರ್ಧ ಎತ್ತರದಲ್ಲಿ ಸಣ್ಣ ರಂಧ್ರವೊಂದನ್ನು ಮಾಡಿ, ಇನ್ನೊಮ್ಮೆ ನೀರು ತುಂಬಲು ಹೇಳಿರಿ.