ಮಗಳ ಮದುವೆಗೆ ಹೋದರೆ ಅಮ್ಮನ ಮದುವೆ!



ಇವತ್ತು ಪಾಠ ಬೇಡ. ಒಂದು ಸಿನಿಮಾ ಕಥೆ ಹೇಳ್ತೀನಿ. ನಗು ಬಂದರೆ ನಕ್ಕುಬಿಡಿ.

ಸಿನಿಮಾದ ಹೆಸರು 'ಮಮ್ಮಾ ಮಿಯಾ'. ಇದು ಇಟಲಿ ದೇಶದ ಮಾತು. ನಾವು 'ಅಯ್ಯೋ ನನ್ನಮ್ಮಾ' ಅಂತೀವಲ್ಲ, ಹಾಗೆ. 2008ರಲ್ಲಿ ಬಂದ ಇಂಗ್ಲಿಷ್ ಸಿನಿಮಾ. ಹಾಡುಗಳು ಸ್ವೀಡನ್ ದೇಶದ 'ಆಬಾ' ತಂಡದವು. ಕಥೆ ಬರೆದವರು ಹೆಂಗಸು. ನಿರ್ದೇಶನ ಮಾಡಿದವರೂ ಹೆಂಗಸು.

ಗ್ರೀಸ್ ದೇಶದ ಒಂದು ದ್ವೀಪ. ಸುತ್ತಲೂ ಸಮುದ್ರ. ಅಲ್ಲಿ ಡೋನಾ ಎಂಬ ಹೆಂಗಸು ಇದ್ದಾಳೆ. ಬಂದ ಪ್ರವಾಸಿಗರಿಗೆ ತಂಗಲು ಕೋಣೆ ಕೊಡುತ್ತಾಳೆ. ಕಟ್ಟಡ ಹಳೆಯದು. ರಿಪೇರಿಗೆ ದುಡ್ಡಿಲ್ಲ. ಎಲ್ಲಾ ಕೆಲಸ ಅವಳೇ ಮಾಡಬೇಕು. ಮಗಳು ಸೋಫಿಯನ್ನು ಒಬ್ಬಳೇ ಸಾಕಿದ್ದಾಳೆ.

ಸೋಫಿಗೆ ಈಗ 20 ವರ್ಷ. ಮದುವೆ ಗೊತ್ತಾಗಿದೆ. ಅವರಲ್ಲಿ ಮದುಮಗಳನ್ನು ಅಪ್ಪ ಕೈಹಿಡಿದು ಕರೆತರುವ ಪದ್ಧತಿ. ಆದರೆ ಅಪ್ಪ ಯಾರು? ಅಮ್ಮ ಹೇಳಿಲ್ಲ. ಮಗಳು ಕದ್ದು ಅಮ್ಮನ ಹಳೇ ದಿನಚರಿ ಓದುತ್ತಾಳೆ. ನೋಡಿದಿರಾ, ಓದು ಬಂದರೆ ಏನೆಲ್ಲಾ ಆಗುತ್ತೆ! ಅದರಲ್ಲಿ ಮೂವರು ಗಂಡಸರ ಹೆಸರಿದೆ. ಮೂವರಿಗೂ ಕಾಗದ ಬರೆದು ಕರೆಸುತ್ತಾಳೆ.

ಅವರನ್ನು ಕಂಡು ಡೋನಾಗೆ ಎದೆ ಧಸಕ್ಕೆಂದಿತು. ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಾಳೆ. ಆಗ ಹಳೇ ಗೆಳತಿಯರಿಬ್ಬರು ಬರುತ್ತಾರೆ. ಹಿಂದೆ ಈ ಮೂವರೂ ಸೇರಿ ಹಾಡುತ್ತಿದ್ದರು. ಈಗಲೂ ಹಾಡು ಶುರು ಮಾಡಿದರು. ಡೋನಾ ಕುಣಿಯುತ್ತಾ ಹೊರಗೆ ಬಂದಳು. ಊರಿನ ಹೆಂಗಸರೂ ಕೆಲಸ ಬಿಟ್ಟು ಹಿಂದೆ ಬಂದರು. ಒಬ್ಬ ಮುದುಕಿ ಬೆನ್ನ ಮೇಲಿನ ಸೌದೆ ಹೊರೆಯನ್ನೇ ಎಸೆದು ಬಂದಳು!

ಮದುವೆ ದಿನ ಬಂತು. ಅಮ್ಮ ಮಗಳಿಗೆ ಸಿಂಗಾರ ಮಾಡುತ್ತಾಳೆ. 'ನೀನೇ ನನ್ನ ಕೈಹಿಡಿದು ಕರಕೊಂಡು ಹೋಗಮ್ಮ' ಅಂತ ಮಗಳು ಕೇಳುತ್ತಾಳೆ. ಸಾಕಿದವಳು ತಾನೇ ಕರೆದೊಯ್ಯಬೇಕಾದವಳು? ನನಗಂತೂ ಕಣ್ಣು ತುಂಬಿತು.

ಆಮೇಲೆ ಏನಾಯ್ತು ಗೊತ್ತಾ? ಮಗಳು, ಅಳಿಯ ಆಗುವ ಹುಡುಗ, ಇಬ್ಬರೂ 'ಈಗಲೇ ಮದುವೆ ಬೇಡ, ಮೊದಲು ಲೋಕ ನೋಡ್ತೀವಿ' ಅಂದರು. ಪಾದ್ರಿ ಸಿದ್ಧ, ನೆಂಟರು ಸಿದ್ಧ. ಮೂವರಲ್ಲಿ ಒಬ್ಬ, ಸ್ಯಾಮ್ ಎಂಬವನು, 'ನನ್ನ ಮದುವೆ ಆಗು' ಅಂತ ಡೋನಾಳನ್ನೇ ಕೇಳಿದ. ಅವಳ ಹಳೇ ಪ್ರೀತಿ ಅವನೇ. ಅವಳು ಒಪ್ಪಿದಳು. ಮಗಳ ಮದುವೆಗೆ ಬಂದವರು ಅಮ್ಮನ ಮದುವೆ ಊಟ ಉಂಡರು!

ಡೋನಾ ಪಾತ್ರ ಮಾಡಿದವರು ಮೆರಿಲ್ ಸ್ಟ್ರೀಪ್. ಸಿನಿಮಾ ಬಂದಾಗ ಅವರಿಗೆ 59 ವರ್ಷ. ಹಾಡಿದ್ದೂ ಅವರೇ.

'ಈ ವಯಸ್ಸಿಗೆ ಇದೆಲ್ಲಾ ಬೇಕಾ?' ಇದು ನಾವೆಲ್ಲಾ ಕೇಳಿದ ಮಾತು. ನಾವೇ ಇನ್ನೊಬ್ಬಳಿಗೆ ಅಂದ ಮಾತೂ ಹೌದು. ಹಿಂದೂ ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ. ಕಾನೂನು ಒಪ್ಪಿತು. ಜನರ ಬಾಯಿ ಇನ್ನೂ ಪೂರ್ತಿ ಒಪ್ಪಿಲ್ಲ.

ಎಲ್ಲರೂ ಮತ್ತೆ ಮದುವೆ ಆಗಿ ಅಂತ ನಾನು ಹೇಳೋದಿಲ್ಲ. ಆಗುವವಳನ್ನು ಆಡಿಕೊಳ್ಳಬೇಡಿ, ಅಷ್ಟೇ. ಮತ್ತೆ, ನಿಮ್ಮ ಹಾಡನ್ನು ಬಿಡಬೇಡಿ. ಡೋನಾಗೆ ಮೊದಲು ಹಾಡು ವಾಪಸ್ ಬಂತು. ಪ್ರೀತಿ ಬಂದದ್ದು ಆಮೇಲೆ.

ನಿಮಗೂ ಒಂದು ಹಳೇ ಹಾಡು ನೆನಪಿರಬೇಕು. ಇವತ್ತು ರಾತ್ರಿ ಅದರ ಮೊದಲ ಸಾಲು ಬರೆಯಿರಿ. ತಪ್ಪಾದರೂ ಚಿಂತೆಯಿಲ್ಲ. ನಾಳೆ ಬಂದು ಹಾಡಿ. ಕೇಳೋಕೆ ನಾವಿದ್ದೀವಿ.