ಫ್ರೀ ಸರ್ವಿಸ್‌ಗೆ 1,593 ರೂಪಾಯಿ

ನಾನು ಸ್ಲೈಡ್ ಏನೂ ತಂದಿಲ್ಲ, ಒಂದು ಬಿಲ್ ತಂದಿದ್ದೀನಿ. ಹೊಸ ಬೈಕಿನ ಮೊದಲನೇ ಸರ್ವಿಸ್ ಬಿಲ್ಲು. ಮೇಲುಗಡೆ ದಪ್ಪ ಅಕ್ಷರದಲ್ಲಿ 'ಫಸ್ಟ್ ಫ್ರೀ ಸರ್ವಿಸ್' ಅಂತಿದೆ. ಕೆಳಗಡೆ ಒಟ್ಟು ಮೊತ್ತ 1,593 ರೂಪಾಯಿ. ಈ ಎರಡು ಸಾಲಿನ ಮಧ್ಯೆ ಏನಾಯ್ತು ಅನ್ನೋದೇ ಇವತ್ತಿನ ಮಾತು.

ನಾನು ತಿಪಟೂರಿನವನು. ಮೆಕ್ಯಾನಿಕಲ್‌ನಲ್ಲಿ ಎಂಟೆಕ್ ಮಾಡಿ, ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರಿಗೆ ಬಂದೆ. ಪೋರೂರಿಗೆ ಬಂದು ಆರು ವರ್ಷ. ಅಷ್ಟೂ ವರ್ಷ ಕಂಪನಿ ಬಸ್ಸು, ಶೇರ್ ಆಟೊ, ಇಲ್ಲಾಂದ್ರೆ ನಡಿಗೆ. ಹೋದ ವರ್ಷ, ಅಂದ್ರೆ 2025ರ ಸೆಪ್ಟೆಂಬರ್ 22ರಿಂದ, 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತಲ್ಲ, ಆಗ ಮನಸ್ಸು ಮಾಡಿದೆ. ದೀಪಾವಳಿ ಆದ್ಮೇಲೆ ಒಂದು 125 ಸಿಸಿ ಬೈಕು ತಗೊಂಡೆ. ಕಂಪನಿ ಹೆಸರು ಹೇಳಲ್ಲ, ಡೀಲರ್ ಹೆಸರೂ ಹೇಳಲ್ಲ. ಇದು ಅವರೊಬ್ಬರ ಕಥೆ ಅಲ್ಲ ಅಂತ ನಿಮಗೂ ಗೊತ್ತು.

ಪೋರೂರು ಸಿಗ್ನಲ್ ನೋಡಿದೋರಿಗೆ ಹೇಳಬೇಕಾಗಿಲ್ಲ. ಆರ್ಕಾಟ್ ರೋಡು, ಕುಂದ್ರತ್ತೂರ್ ರೋಡು, ಮೌಂಟ್-ಪೂನಮಲ್ಲಿ ರೋಡು ಎಲ್ಲ ಬಂದು ಅಲ್ಲೇ ಸೇರ್ಕೋತವೆ. ಮೇಲೆ 2017ರಲ್ಲಿ ಓಪನ್ ಆದ ಫ್ಲೈಓವರ್, ಪಕ್ಕದಲ್ಲಿ ಮೆಟ್ರೊ ಕೆಲಸ. ನವೆಂಬರ್ ಮಳೇಲಿ ಆ ಧೂಳೆಲ್ಲ ಕೆಸರಾಗಿರುತ್ತೆ. ಅದರಲ್ಲೇ ದಿನಾ ಓಡಾಡಿ ಇಪ್ಪತ್ತೇಳು ದಿನಕ್ಕೆ 520 ಕಿಲೋಮೀಟರ್ ಮಾಡಿದೆ. ಒಂದು ಶನಿವಾರ ಬೆಳಿಗ್ಗೆ ಸರ್ವಿಸ್ ಸೆಂಟರಿಗೆ ಹೋದೆ.

ಸೂಪರ್‌ವೈಸರ್ ಜಾಬ್ ಕಾರ್ಡ್ ಹಿಡ್ಕೊಂಡು ಗಾಡಿ ಸುತ್ತ ಒಂದು ಸುತ್ತು ಬಂದ. ಪಟಪಟ ಅಂತ ತಮಿಳಲ್ಲಿ ಏನೇನೋ ಹೇಳ್ತಾ ಟಿಕ್ ಹಾಕ್ತಾ ಹೋದ. ನನಗೆ ತಮಿಳು ಅರ್ಥ ಆಗುತ್ತೆ, ನಿಧಾನವಾಗಿ ಹೇಳಿದ್ರೆ. ನಿಧಾನವಾಗಿ ಹೇಳಿ ಅಂತ ಕೇಳೋಕೆ ನಾಚಿಕೆ. ಪ್ರತಿ ಸಲ ಅವನು 'ಓಕೆವಾ ಸಾರ್' ಅಂದಾಗಲೂ ನಾನು 'ಓಕೆ ಓಕೆ' ಅಂದೆ. ಸೈನ್ ಹಾಕಿದೆ. ಮೂರು ಗಂಟೆ ಬಿಟ್ಟು ಬಿಲ್ ಬಂತು, ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟಿಬಿಟ್ಟೆ. ಓದಿದ್ದು ಕಟ್ಟಿದ ಮೇಲೆ. ಪ್ರೊಡಕ್ಷನ್‌ಗೆ ಹಾಕಿದ ಮೇಲೆ ಕೋಡ್ ರಿವ್ಯೂ ಮಾಡಿದ ಹಾಗೆ. (ನಗು)

ಬಿಲ್ಲಲ್ಲಿ ಇದ್ದಿದ್ದು ಇಷ್ಟು. ಇಂಜಿನ್ ಆಯಿಲ್ 380. ಆಯಿಲ್ ಫಿಲ್ಟರ್ 90. ಡ್ರೈನ್ ಬೋಲ್ಟಿನ ವಾಷರ್ 10. ಚೈನ್ ಲ್ಯೂಬ್ 120. ಕನ್ಸ್ಯೂಮಬಲ್ಸ್ ಅಂತ 60. ಇಂಜಿನ್ ಆಡಿಟಿವ್ 240. ಟೆಫ್ಲಾನ್ ಕೋಟಿಂಗ್ 450. ಲೇಬರ್ ಸೊನ್ನೆ. ಒಟ್ಟು 1,350, ಅದರ ಮೇಲೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಪರ್ಸೆಂಟ್ ಸೇರಿ 243.

ಫ್ರೀ ಅಂದ್ರಲ್ಲ ಅಂತ ಕೌಂಟರಲ್ಲಿ ಕೇಳಿದೆ. 'ಲೇಬರ್ ಮಟ್ಟುಂ ದಾನ್ ಫ್ರೀ ಸಾರ್' ಅಂದ್ರು. ಕೂಲಿ ಮಾತ್ರ ಫ್ರೀ. ತಪ್ಪೇನಿಲ್ಲ, ನನ್ನ ಮ್ಯಾನುಯಲ್ಲಲ್ಲೂ ಹಾಗೇ ಬರೆದಿದೆ. ಆಯಿಲು, ಬಿಡಿಭಾಗ, ತೆರಿಗೆ ಎಲ್ಲ ನಮ್ಮ ಖರ್ಚು. ನಾನು ಓದಿರಲಿಲ್ಲ ಅಷ್ಟೆ.

ಅಷ್ಟು ಹೊತ್ತಿಗೆ ಅಮ್ಮನ ಫೋನ್ ಬಂತು. ಬೈಕ್ ಸರ್ವಿಸ್ಸಿಗೆ ಬಿಟ್ಟಿದ್ದೆ, ಈಗ ಹೊರಡ್ತೀನಿ ಅಂತ ಹೇಳಿ ಇಟ್ಟೆ. ಪಕ್ಕದ ಬೆಂಚಿನಿಂದ ಒಬ್ಬ ಹುಡುಗ ಎದ್ದು ಬಂದ. "ಅಣ್ಣಾ, ಕನ್ನಡದವ್ರೇನ್ರಿ? ಇದ್ರಾಗ ಏನ್ ಬರ್ದಾರ ಸ್ವಲ್ಪ ಓದಿ ಹೇಳ್ರಿ." ಸಿಂಧನೂರು ಕಡೆಯವನು. ಫುಡ್ ಡೆಲಿವರಿ ಮಾಡ್ತಾನೆ. ಪೋರೂರು, ರಾಮಾಪುರಂ, ವಳಸರವಾಕ್ಕಂ ಈ ಕಡೆ. ಬೈಕು ಲೋನಲ್ಲಿ ತಗೊಂಡಿದ್ದು, ಮೂರು ವರ್ಷದ ಇಎಂಐ. ನಂದೇ ಕಂಪನಿ, ನಂದೇ ಮಾಡೆಲ್ಲು, ಬಣ್ಣ ಮಾತ್ರ ಬೇರೆ.

ಅವನ ಕೈಯಲ್ಲಿ ಇದ್ದಿದ್ದು ಸರ್ವಿಸ್ ಬುಕ್ಕು. ಮೊದಲನೇ ಕೂಪನ್ ನಡೆಯಲ್ಲ ಅಂತ ಹೇಳಿದ್ರಂತೆ, ಯಾಕೆ ಅಂತ ಅವನಿಗೆ ಗೊತ್ತಾಗ್ತಿಲ್ಲ. "ಗಾಡಿ ತಗೊಂಡ್ ಹದಿನಾರ್ ದಿನಾ ಆತಷ್ಟ. ತಿಂಗಳೊಳಗ ಬಾ ಅಂದಿದ್ರು, ತಿಂಗಳೊಳಗ ಬಂದೀನಿ."

ಕೂಪನ್ ಓದಿದೆ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇದ್ದಿದ್ದು: 500ರಿಂದ 700 ಕಿಲೋಮೀಟರ್ ಅಥವಾ 30 ದಿನ, ಯಾವುದು ಮೊದಲು ಬರುತ್ತೋ ಅದು. ಅವನ ಮೀಟರ್ 1,940 ತೋರಿಸ್ತಾ ಇತ್ತು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡಿಸೋ ಹುಡುಗನಿಗೆ 500 ಅನ್ನೋದು ಐದು ದಿನದ ಲೆಕ್ಕ. ಗಾಡಿ ಮಾರಿದವರು ಹೇಳಿದ್ದು 'ಒಂದು ತಿಂಗಳು' ಅಂತ ಮಾತ್ರ. ನನ್ನಂಥ ಆಫೀಸ್ ಗಿರಾಕಿಗೆ ಅದು ಸರಿಹೋಗುತ್ತೆ. ಅವನಿಗೆ ಹೋಗಲ್ಲ. 'ಯಾವುದು ಮೊದಲು' ಅನ್ನೋ ಎರಡು ಪದ ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಬರೋ ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ನಾನು ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹಂಗಾರ ವಾರಂಟಿ ಹೋತೇನ್ರಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಶೆಡ್ಯೂಲ್ ಪ್ರಕಾರ ಸರ್ವಿಸ್ ಮಾಡಿಸದೆ ಆದ ತೊಂದರೆಗೆ ವಾರಂಟಿ ಇಲ್ಲ ಅಂತ ಬುಕ್ಕಲ್ಲಿ ಇದೆ. ಸೂಪರ್‌ವೈಸರನ್ನ ಕೇಳಿದ್ರೆ, ಲೇಟ್ ಅಂತ ಬರೆದು ಸೀಲ್ ಹಾಕ್ತೀವಿ, ಲೇಬರ್ 300 ಆಗುತ್ತೆ, ಮುಂದಿಂದು ಕಂಪನಿ ನೋಡ್ಕೊಳ್ಳುತ್ತೆ ಅಂದ. ಕಂಪನಿ ನೋಡ್ಕೊಳ್ಳುತ್ತೆ ಅನ್ನೋ ಮಾತಿನ ಅರ್ಥ ನಮಗೆಲ್ಲ ಗೊತ್ತಲ್ಲ.

ನನಗೆ ಪಾಪ ಅನ್ನಿಸ್ತು, ಆ 300 ನಾನೇ ಕೊಟ್ಟುಬಿಡೋಣ ಅಂದುಕೊಂಡೆ. "ನೀವ್ಯಾಕ ಕೊಡ್ತೀರಿ, ಇರ್ರಿ" ಅಂತ ನನ್ನ ಪಕ್ಕಕ್ಕೆ ಸರಿಸಿದ. ಎಸ್ಟಿಮೇಟ್ ಚೀಟಿ ತಗೊಂಡು ಕೌಂಟರಿಗೆ ಹೋಗಿ ಬೆರಳಿಟ್ಟು ಕೇಳಕ್ಕೆ ಶುರು ಮಾಡಿದ. "ಅಣ್ಣೆ, ಇದು ಎನ್ನ?" ಟೆಫ್ಲಾನ್. "ವೇಂಡಾಂ." ಇದು ಎನ್ನ? ಆಡಿಟಿವ್. "ವೇಂಡಾಂ." ಚೈನ್ ಲ್ಯೂಬ್? "ನಾನೇ ಪೋಡುವೆನ್, ವೇಂಡಾಂ." ವ್ಯಾಕರಣ ಗೀಕರಣ ಏನೂ ಇಲ್ಲ, ನಾಚಿಕೆಯೂ ಇಲ್ಲ. ನಮ್ಮ 'ಬೇಡ'ವೇ ತಮಿಳಿಗೆ ಹೋದರೆ 'ವೇಂಡಾಂ', ಅಷ್ಟೇ ತಾನೆ. ಕೌಂಟರ್‌ನವರೂ ಮುಖ ಸಿಂಡರಿಸಲಿಲ್ಲ. ಹೊಡೆದು ಹಾಕಿ, ಹೊಸ ಎಸ್ಟಿಮೇಟ್ ಕೊಟ್ಟರು. ಆಯಿಲು, ಫಿಲ್ಟರು, ವಾಷರು, ಕನ್ಸ್ಯೂಮಬಲ್ಸ್, ಲೇಬರ್ ಸೇರಿ 840, ತೆರಿಗೆ ಸೇರಿದ್ರೆ 991.

ಗಮನಿಸಿ, ಕೂಪನ್ ನಡೆದವನು ನಾನು, ಕಟ್ಟಿದ್ದು 1,593. ಕೂಪನ್ ಸತ್ತವನು ಅವನು, ಕೂಲಿ ಕೊಟ್ಟೂ ಕಟ್ಟಿದ್ದು 991.

ಈಗ ಒಂದೊಂದಾಗಿ ನೋಡೋಣ, ಯಾವುದು ಬೇಕು ಯಾವುದು ಬೇಡ ಅಂತ. ನನ್ನ ಎಂಟೆಕ್ ಇಲ್ಲಾದ್ರೂ ಉಪಯೋಗಕ್ಕೆ ಬರಲಿ.

ಆಯಿಲ್ ಬೇಕೇ ಬೇಕು. ಹೊಸ ಸಿಲಿಂಡರ್ ಗೋಡೆ ಕಣ್ಣಿಗೆ ನುಣ್ಣಗೆ ಕಾಣುತ್ತೆ, ಆದ್ರೆ ಅದರ ಮೇಲೆ ಒಂದಕ್ಕೊಂದು ಅಡ್ಡ ಹಾಯೋ ಸಣ್ಣ ಗೀರುಗಳನ್ನ ಬೇಕಂತಲೇ ಬಿಟ್ಟಿರ್ತಾರೆ. ಆಯಿಲ್ ನಿಲ್ಲೋಕೆ ಅವು ಬೇಕು. ಪಿಸ್ಟನ್ ರಿಂಗು ಆ ಗೋಡೆಗೆ ಉಜ್ಜಿ ಉಜ್ಜಿ, ಗೀರುಗಳ ಚೂಪು ತುದಿ ಸವೆದು, ಎರಡೂ ಒಂದಕ್ಕೊಂದು ಕೂರುತ್ತವೆ. ಹೊಸ ಚಪ್ಪಲಿ ಕಾಲಿಗೆ ಕೂರೋ ಹಾಗೆ. ಗೇರಿನ ಹಲ್ಲುಗಳೂ ಹಾಗೇ. ಸವೆದ ಲೋಹದ ಪುಡಿ ಹೋಗೋದೆಲ್ಲಿಗೆ? ಆಯಿಲ್ಲಿಗೆ. ಇದರಲ್ಲಿ ಹೆಚ್ಚಿನ ಸವೆತ ಆಗೋದು ಮೊದಲ ಕೆಲವು ನೂರು ಕಿಲೋಮೀಟರಲ್ಲೇ. ಅದಕ್ಕೇ ಆಮೇಲಿನ ಸರ್ವಿಸ್‌ಗಳು ಸಾವಿರಾರು ಕಿಲೋಮೀಟರಿಗೆ ಬಂದ್ರೂ ಮೊದಲನೇದು ಮಾತ್ರ ಇಷ್ಟು ಬೇಗ. ಆ ಹುಡುಗ 1,940ರವರೆಗೆ ಅದೇ ಪುಡಿ ತುಂಬಿದ ಆಯಿಲಲ್ಲಿ ಓಡಿಸಿದ್ದ. ಅವನ ಗಾಡಿಯಿಂದ ಇಳಿಸಿದ ಆಯಿಲನ್ನ ಟ್ರೇನಲ್ಲಿ ನೋಡಿದೆ. ಟ್ಯೂಬ್‌ಲೈಟ್ ಬೆಳಕಿಗೆ ಮಿಣಮಿಣ ಅಂತಿತ್ತು. ಅವನಿಗೆ ತೋರಿಸಲಿಲ್ಲ.

ಆಯಿಲ್ಲಿಗೆ ಸಂಬಂಧಿಸಿ ಇನ್ನೆರಡು ಮಾತು. ನಮ್ಮ ಹೆಚ್ಚಿನ ಬೈಕುಗಳಲ್ಲಿ ಇಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಹಾಗಾಗಿ ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು. ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು, ಗ್ರೇಡು ಮ್ಯಾನುಯಲ್ಲಲ್ಲಿ ಹೇಳಿದ್ದೇ ಇರಬೇಕು. ಎರಡನೇದು, ಡಬ್ಬಿ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಬೆಲೆ. ಬಿಲ್ಲಲ್ಲಿ ತೆರಿಗೆ ಬೇರೆ ತೋರಿಸೋದು ಸರಿನೇ, ಆದ್ರೆ ಎರಡೂ ಕೂಡಿಸಿದ್ರೆ ಎಂಆರ್‌ಪಿ ದಾಟಬಾರದು. ನನ್ನ 380ಕ್ಕೆ 18 ಪರ್ಸೆಂಟ್ ಸೇರಿಸಿದ್ರೆ 448 ಚಿಲ್ಲರೆ, ಡಬ್ಬಿ ಮೇಲೆ 450. ಅಲ್ಲಿಗೆ ಅವರದ್ದು ಸರಿ. ಬ್ಯಾರಲ್‌ನಿಂದ ಸುರಿದ್ರೆ ಈ ಲೆಕ್ಕ ನೋಡೋಕೆ ಡಬ್ಬಿನೇ ಇರಲ್ಲ, ಅದಕ್ಕೇ ಸೀಲ್ ಇರೋ ಡಬ್ಬಿ ಕೇಳಿ.

ಆಡಿಟಿವ್? ಆಯಿಲಿಗೆ ಬೇರೆ ಏನೂ ಬೆರೆಸಬೇಡಿ ಅಂತ ನನ್ನ ಮ್ಯಾನುಯಲ್ಲೇ ಹೇಳುತ್ತೆ. ಬೇಡ ಅಂತ ಬರೆದಿರೋದನ್ನ 240 ಕೊಟ್ಟು ಹಾಕಿಸಿಕೊಂಡೆ. ಟೆಫ್ಲಾನ್ ಕೋಟಿಂಗು ಇಂಜಿನ್ನಿಗೆ ಸಂಬಂಧಿಸಿದ್ದೇ ಅಲ್ಲ. ಒಂದು ತಿಂಗಳ ಗಾಡಿಯ ಬಣ್ಣಕ್ಕೆ ಅದರ ಅಗತ್ಯ ನನಗಂತೂ ಕಾಣಲ್ಲ, ಇಷ್ಟ ಇದ್ದೋರು ಹಾಕಿಸ್ಕೊಳ್ಳಿ. ಈ ಎರಡೇ ಐಟಂ ತೆರಿಗೆ ಸೇರಿ 814 ರೂಪಾಯಿ. ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ.

ಇಲ್ಲಿವರೆಗೂ ದುಡ್ಡಿನ ಸಾಲುಗಳ ಮಾತಾಯ್ತು. ನನಗೆ ನಿಜವಾಗಿ ತಲೆಗೆ ಹತ್ತಿದ್ದು ಸೊನ್ನೆ ಅಂತ ಬರೆದ ಸಾಲು. ಲೇಬರ್.

ನಾವಿಬ್ಬರೂ ಗಾಡಿ ತಗೊಂಡು ಗೇಟಿನ ಹತ್ರ ನಿಂತಿದ್ವಿ. ಅವನು ಬಗ್ಗಿ ತನ್ನ ಚೈನನ್ನ ಬೆರಳಲ್ಲಿ ಎತ್ತಿ ನೋಡಿದ. ಆಮೇಲೆ ನಂದನ್ನೂ ಎತ್ತಿದ. "ಅಣ್ಣಾ, ನಿಮ್ದು ಭಾಳ ಸಡ್ಲ ಐತ್ರಿ. ಮಾಡೇ ಇಲ್ಲ ಇವ್ರು." ನಿಜ. ಚೈನ್ ಮೇಲೆ 120 ರೂಪಾಯಿಯ ಲ್ಯೂಬ್ ಹೊಳೀತಿತ್ತು, ಬಿಗಿ ಮಾತ್ರ ಮಾಡಿರಲಿಲ್ಲ. ಲ್ಯೂಬಿಗೆ ಬಿಲ್ ಉಂಟು, ಬಿಗಿ ಮಾಡೋಕೆ ಇಲ್ಲ.

ಮೊದಲನೇ ಸರ್ವಿಸ್‌ನಲ್ಲಿ ಆಯಿಲ್ ಬಿಟ್ರೆ ಬೆಲೆ ಇರೋದು ಮೆಕ್ಯಾನಿಕ್ಕಿನ ಕೈಗೆ. ಹೊಸ ಚೈನು ಎಳೆದು ಸಡಿಲ ಆಗಿರುತ್ತೆ, ಬಿಗಿ ಮಾಡಬೇಕು. ಟ್ಯಾಪೆಟ್ ಸಂದು ನೋಡಬೇಕು. ನಟ್ಟು ಬೋಲ್ಟು, ಬ್ರೇಕು, ಕ್ಲಚ್ ಕೇಬಲ್ಲಿನ ಆಟ, ಬ್ಯಾಟರಿ ಟರ್ಮಿನಲ್ಲು, ಟೈರಿನ ಗಾಳಿ, ಇವೆಲ್ಲ ಕೂಲಿ ಲೆಕ್ಕ. ಆ ಕೂಲಿ ಧರ್ಮಕ್ಕೆ ಬಂದಿದ್ದಲ್ಲ, ಬೈಕಿನ ಬೆಲೆಯಲ್ಲೇ ಕೊಟ್ಟಿರ್ತೀವಿ. ಫ್ರೀ ಅಂತ ಹೆಸರಿಟ್ಟ ತಕ್ಷಣ ನಾವೂ ಕೇಳಲ್ಲ, ಅವರೂ ಮಾಡಲ್ಲ. ಶನಿವಾರ ಅಷ್ಟು ಗಾಡಿ ಸಾಲಾಗಿ ನಿಂತಿರುವಾಗ ಸೊನ್ನೆ ರೂಪಾಯಿಯ ಕೆಲಸಕ್ಕೆ ಯಾರು ಬಗ್ತಾರೆ? ಮೆಕ್ಯಾನಿಕ್ ಹುಡುಗರನ್ನ ಬೈಯೋಕೂ ನನಗೆ ಮನಸ್ಸಿಲ್ಲ.

ವಾಪಸ್ ಒಳಗೆ ಹೋದೆ. ಈ ಸಲ ನಾನೇ ಹೇಳಿದೆ, 'ಚೈನ್ ಟೈಟ್ ಪಣ್ಣಲೆ'. ಸರಿಯಾದ ತಮಿಳೋ ಅಲ್ವೋ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು, ಸಾರಿ ಸಾರ್ ಅಂತ ಕೂಡ ಅಂದ್ರು. ಆರು ವರ್ಷ ಈ ಊರಲ್ಲಿದ್ದು, ಮಾತಾಡೋದನ್ನ ತಪ್ಪಿಸಿಕೊಳ್ಳೋಕೆ ಆ್ಯಪ್‌ಗಳಿಗೆ, ಕ್ಯೂಆರ್‌ಗಳಿಗೆ ನಾನು ಕಟ್ಟಿರೋ ದುಡ್ಡು ಎಷ್ಟಿರಬಹುದು ಅಂತ ಮನೆಗೆ ಬರ್ತಾ ಯೋಚನೆ ಮಾಡ್ತಿದ್ದೆ.

ಇಲ್ಲಿರೋರು ಕೆಲವರು ಕೇಳ್ತಾರೆ, ಊರಲ್ಲಿ ತಗೊಂಡ ಬೈಕಾದ್ರೆ? ಸಾಮಾನ್ಯವಾಗಿ ಕೂಪನ್ ಆ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಲ್ಲೂ ನಡೆಯುತ್ತೆ, ನಿಮ್ಮ ಬುಕ್ಕಲ್ಲಿ ನೋಡ್ಕೊಳ್ಳಿ. ಆದ್ರೆ ಕೆಎ ನಂಬರ್ ಗಾಡಿಯನ್ನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಕೊಂಡ್ರೆ ಮರುನೋಂದಣಿ ಆಗಬೇಕು, ಅದು ಬೇರೆ ದಿನದ ಮಾತು. ಬಿಲ್ಲಲ್ಲಿ ಮೋಸ ಅನ್ನಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಕಾಯ್ದೆ ಪ್ರಕಾರ ದೂರನ್ನ ನಾವು ವಾಸ ಇರೋ ಅಥವಾ ಕೆಲಸ ಮಾಡೋ ಜಾಗದ ಆಯೋಗದಲ್ಲೇ ಕೊಡಬಹುದು. ಇದನ್ನ ಆ ಹುಡುಗನಿಗೂ ಹೇಳಿದೆ. ನಕ್ಕ. "ಒಂದಿನಾ ರಜಾ ಹಾಕಿದ್ರ ಸಾವಿರ ರೂಪಾಯಿ ಹೋಕ್ಕೈತಿ ಅಣ್ಣಾ. ಯಾರ್ ಅಡ್ಡಾಡ್ತಾರ." ಅದಕ್ಕೆ ನನ್ನ ಹತ್ರ ಕಾಯ್ದೆ ಇರಲಿಲ್ಲ.

ಅವನ ಬುಕ್ಕಲ್ಲಿ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ 'ಲೇಟ್' ಅಂತ ಕೂತಿದೆ. ಎರಡು ಸಲ ಮುಟ್ಟಿ ನೋಡ್ದ. ಇಂಜಿನ್ನಿಗೆ ಏನೂ ಆಗದೇ ಇದ್ರೆ ಆ ಪದಕ್ಕೆ ಬೆಲೆ ಇಲ್ಲ. ಆದ್ರೆ, ಇನ್ನೂ ಮೂವತ್ತೈದು ಇಎಂಐ ಬಾಕಿ.

ಎರಡನೇ ಸರ್ವಿಸ್ ತಪ್ಪಬಾರದು ಅಂತ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೀನಿ, ಅಷ್ಟೇ ನನಗೆ ಬರೋದು. ದಿನಾ ರಾತ್ರಿ ಮೀಟರ್ ಫೋಟೊ ಕಳಿಸ್ತಾನೆ, ದಿನಕ್ಕೆಷ್ಟು ಓಡ್ತು ಅಂತ ಹಾಕಿದ್ರೆ ಸರ್ವಿಸ್ ತಾರೀಖು ಬರುತ್ತೆ. ಈಗ ಅವನ ರೂಮಿನ ಇನ್ನೂ ಮೂವರು ಕಳಿಸ್ತಾರೆ. ಅದರಲ್ಲಿ ಒಬ್ಬ ಯಾದಗಿರಿಯವನು, ಹೋದ ಭಾನುವಾರ ಹೊಸ ಗಾಡಿ ತಗೊಂಡ. ಅವನದ್ದು ಈ ಗುರುವಾರ ಮಧ್ಯಾಹ್ನದೊಳಗೆ 500 ಮುಟ್ಟುತ್ತೆ. ಬುಧವಾರ ಸಂಜೆ ಅವನಿಗೆ ಫೋನ್ ಮಾಡಬೇಕು.