ಕಾಯ್ದೆಗೆ ಊರು ಒಂದೇ, ಊರಿಗೆ ಕೇರಿ ಎರಡು

ಸಂಶೋಧಕ ಮಿತ್ರರೇ, ಬೆಳಗಿನ ಮನೆ ಭೇಟಿ ಮುಗಿಸಿ ಓಡಿಬಂದು ಕೊನೆಯ ಸಾಲಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರೇ,

ಆರೋಗ್ಯ ಮತ್ತು ಸಮಾಜ ಕಲ್ಯಾಣದ ಕಾಯ್ದೆಗಳ ಬಗ್ಗೆ ಮಾತಾಡಲು ಮೈಸೂರಿನಲ್ಲಿ ಸಭಾಂಗಣಗಳಿಗೇನೂ ಬರವಿಲ್ಲ. ಆದರೂ ಬದನವಾಳಿಗೆ ಬಂದಿದ್ದೇವೆ. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಇಲ್ಲಿದೆ, ಆಹ್ವಾನ ಪತ್ರಿಕೆಯಲ್ಲೂ ಅದೇ ಅಚ್ಚಾಗಿದೆ. ಅಚ್ಚಾಗದ ಸಂಗತಿ ಇನ್ನೊಂದಿದೆ. 1993ರ ಮಾರ್ಚಿನಲ್ಲಿ ಈ ಊರಿನ ಮೂವರು ದಲಿತರ ಕೊಲೆಯಾಯಿತು. ದೇವಸ್ಥಾನ ಪ್ರವೇಶದ ತಕರಾರು ಅದರ ಹಿಂದಿತ್ತು. ಎರಡು ತಿಂಗಳೊಳಗೆ, ಮೇ 10ರಂದು, ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂತು. ಇವೆರಡಕ್ಕೂ ಸಂಬಂಧವಿಲ್ಲ, ಒಪ್ಪುತ್ತೇನೆ. ಸಂಬಂಧವಿಲ್ಲ ಅನ್ನುವುದೇ ನನ್ನ ತಕರಾರು.

ಕೊಂಚ ಹಿಂದಕ್ಕೆ ಹೋಗೋಣ. ಪಕ್ಕದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ಅದೇ ನಮ್ಮ ನೀರ್ ಸಾಬ್, ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. 1987ರಲ್ಲಿ ಚುನಾವಣೆ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಶಾಲೆಯ ಮೇಷ್ಟ್ರು ಜಿಲ್ಲಾ ಪರಿಷತ್ತಿನ ಅಡಿಗೆ ಬಂದರು. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯೊಬ್ಬರು ಪರಿಷತ್ತಿನ ಮುಖ್ಯ ಕಾರ್ಯದರ್ಶಿ. ಡಾಕ್ಟರ್ ಬರಲಿಲ್ಲವೆಂದರೆ ಕೇಳುವವರು ಬೆಂಗಳೂರಿನಲ್ಲಲ್ಲ, ಹತ್ತಿರದಲ್ಲೇ ಇದ್ದರು. ಒಂದು ಅವಧಿ ನಡೆದು, ಆಡಳಿತಾಧಿಕಾರಿಗಳು ಬಂದು ಕೂತರು, ಆಟ ಮುಗಿಯಿತು. ಈ ಐದು ವರ್ಷದ ಬಗ್ಗೆ ನಮ್ಮ ವಿಶ್ವವಿದ್ಯಾನಿಲಯಗಳು ಇನ್ನೂ ಬರೆಯುತ್ತಲೇ ಇವೆ. ಬರೆಯಲಿ.

ಆಮೇಲೆ ಬಂದ ಕಾಯ್ದೆಗಳ ರುಚಿ ಬೇರೆ. 2011ರಲ್ಲಿ ವೈದ್ಯಾಧಿಕಾರಿಗಳ ವರ್ಗಾವಣೆಗೊಂದು ಕಾಯ್ದೆ. ವೈದ್ಯ ಪದವೀಧರರು ಒಂದು ವರ್ಷ ಕಡ್ಡಾಯ ಸೇವೆ ಮಾಡಲೇಬೇಕೆಂದು 2012ರ ಹೆಸರಿನ ಇನ್ನೊಂದು, 2023ರ ಹೊತ್ತಿಗೆ ಅದೂ ಖಾಲಿ ಹುದ್ದೆ ಇದ್ದಷ್ಟಕ್ಕೇ ಎಂದು ಸಡಿಲವಾಯಿತು. 2012ರ ಏಪ್ರಿಲ್‌ನಲ್ಲಿ, ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕೆನ್ನುವ ಸಕಾಲ ಶುರುವಾಯಿತು, ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಯಾರನ್ನು ಎಲ್ಲಿಗೆ ಹಾಕಬೇಕು, ಎಷ್ಟು ದಿನದಲ್ಲಿ ಅರ್ಜಿ ಮುಗಿಸಬೇಕು ಎಂಬುದರಲ್ಲೇ ಇವುಗಳ ಜೀವ. ಕಳಿಸಿದ ಮನುಷ್ಯ ಊರಿನ ಯಾವ ಕೇರಿಯವರೆಗೆ ನಡೆಯುತ್ತಾನೆ ಎಂದು ಇವು ಕೇಳುವುದಿಲ್ಲ.

ಕೆಲವು ವರ್ಷದ ಹಿಂದೆ, ಈ ಸೀಮೆಯದೇ ಒಂದು ಹಳ್ಳಿ, ಹೆಸರು ಬೇಡ, ಅಲ್ಲಿ ಲಸಿಕೆಯ ದಿನ ಕೂತಿದ್ದೆ. ನರ್ಸಮ್ಮ ಮೇಲಿನ ಬೀದಿಯ ಜಗಲಿಯೊಂದರಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಸೂಜಿ ಹಾಕುತ್ತಿದ್ದರು. ಕೆಳಗಿನ ಕೇರಿಯ ಬಾಣಂತಿ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಬಂದು ಹೊಂಗೆ ಮರದ ಬುಡದಲ್ಲಿ ನಿಂತಳು. ಯಾರೂ ಬೈಯಲಿಲ್ಲ, ತಡೆಯಲೂ ಇಲ್ಲ. ಅವಳೂ ಕರೆಯದೆ ಜಗಲಿ ಹತ್ತಲಿಲ್ಲ. ಜಗಲಿ ಖಾಲಿಯಾದ ಮೇಲೆ ನರ್ಸಮ್ಮನೇ ಮರದ ಹತ್ತಿರ ಹೋಗಿ ಸೂಜಿ ಹಾಕಿ, ತಾಯಿ ಕಾರ್ಡಿಗೆ ಸಹಿ ಮಾಡಿದರು. ರಿಜಿಸ್ಟರಿನಲ್ಲಿ ಪರಿಶಿಷ್ಟ ಜಾತಿಗೊಂದು ಕಾಲಂ ಇತ್ತು, ಅದರಲ್ಲಿ ಒಂದು ಗೆರೆ ಬಿತ್ತು. ಗುರಿ ಸಾಧನೆ ನೂರಕ್ಕೆ ನೂರು. ಮರದ ಕೆಳಗೆ ಅವಳು ನಿಂತ ಹೊತ್ತಿಗೆ ಕಾಲಂ ಇರಲಿಲ್ಲ. ನರ್ಸಮ್ಮನನ್ನು ನಾನು ದೂರುವುದಿಲ್ಲ. ಅಷ್ಟು ದೂರ ನಡೆದವರು ಅವರೊಬ್ಬರೇ.

ಹಣದ ಲೆಕ್ಕದಲ್ಲೂ ಇದೇ ಕಥೆ. ಪರಿಶಿಷ್ಟರ ಉಪಯೋಜನೆಗಳಿಗೆ ಜನಸಂಖ್ಯೆಗೆ ತಕ್ಕ ಪಾಲು ಕೊಡಬೇಕೆಂಬ 2013ರ ಕಾಯ್ದೆಯನ್ನು ನಾವೆಲ್ಲ ಹೊಗಳಿದ್ದೆವು. ಅದರೊಳಗೆ 7(ಡಿ) ಎಂಬ ಕಿಂಡಿಯೊಂದಿತ್ತು. ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಯಲ್ಲೂ ಒಂದು ಪಾಲು ದಲಿತರಿಗೇ ಸಂದಿತೆಂದು ಭಾವಿಸಿ ಬರೆದುಕೊಳ್ಳಬಹುದಿತ್ತು. ಭಾವಿಸುವುದು! ಎಷ್ಟು ಮೃದುವಾದ ಪದ. ಹತ್ತು ವರ್ಷ ಹೀಗೆ ಭಾವಿಸಿದ ಮೇಲೆ 2023ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆಗ ಸಮಾಜ ಕಲ್ಯಾಣ ಸಚಿವರಾಗಿದ್ದವರು ಇಲ್ಲೇ ಪಕ್ಕದ ಟಿ. ನರಸೀಪುರ ಕ್ಷೇತ್ರದ ಎಚ್.ಸಿ. ಮಹದೇವಪ್ಪ. ಕಿಂಡಿ ಮುಚ್ಚಿದ ಮೇಲೆ ಹಣ ಯಾವ ಕೇರಿಯ ಯಾವ ಮನೆ ಮುಟ್ಟಿತು ಎಂದು ಮನೆ ಮನೆ ಸುತ್ತಿ ನೋಡುವ ಕೆಲಸಕ್ಕೆ ನಿಮ್ಮಲ್ಲಿ ಕೆಲವರಾದರೂ ಕೈಹಾಕಬೇಕು. ಬಜೆಟ್ ಪುಸ್ತಕ ಓದಿ ಬರೆದ ಪ್ರಬಂಧಗಳು ನನ್ನ ಮನೆಯಲ್ಲೇ ಒಂದು ಬೀರು ತುಂಬ ಇವೆ.

1993ರ ಆ ಕೊಲೆಗಳ ನಂತರ ಬದನವಾಳಿನ ಎರಡು ಕೇರಿಗಳ ನಡುವಿನ ಹಾದಿ 29 ವರ್ಷ ಬಳಕೆ ತಪ್ಪಿ ಬಿದ್ದಿತ್ತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿಯವರ ಪಾದಯಾತ್ರೆ ಈ ಊರಿಗೆ ಬಂದಾಗ. ನಡುವಿನ ಆ 29 ವರ್ಷಗಳಲ್ಲಿ ನಾನು ಹೇಳಿದ ಕಾಯ್ದೆಗಳಲ್ಲಿ 1983ರದ್ದೊಂದನ್ನು ಬಿಟ್ಟು ಉಳಿದವೆಲ್ಲ ವಿಧಾನಸೌಧದಿಂದ ಹೊರಟು ಗೆಜೆಟ್ ತಲುಪಿದವು.

ಮೊದಲ ಗೋಷ್ಠಿ ಹನ್ನೊಂದೂವರೆಗೆ. ಅಷ್ಟರಲ್ಲಿ ಚಹಾ ಕುಡಿದವರು ಆ ಹಾದಿಯಲ್ಲಿ ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಆಶಾ ಕಾರ್ಯಕರ್ತೆಯರು ಜೊತೆಗೆ ಬರುತ್ತಾರೆ, ಅವರನ್ನೇ ಮುಂದೆ ಬಿಡಿ. ವಾಪಸ್ ಬಂದಾಗ ಕೊನೆಯ ಸಾಲನ್ನು ನಾವು ತುಂಬೋಣ, ಮೊದಲ ಸಾಲಲ್ಲಿ ಅವರು ಕೂರಲಿ.